ಎರಡು ಕೆಂಪು ಗೀಟಿನ ಕೋಲು

ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿಯಿದೆ. ಈಚೆಗೆ ಅಲ್ಲಿ ನನ್ನನ್ನು ಕಂಡರೆ ನಗುತ್ತಾರೆ. ರಾಗಿ, ಗೋಧಿ, ಹುರಿದ ಕಡಲೆಬೇಳೆಯ ಡಬ್ಬ ಹಿಡಿದು ನಿಂತವರ ಸಾಲಿನಲ್ಲಿ ನಾನು ಟೆಂಟು ಹಿಡಿದು ನಿಲ್ಲುತ್ತೇನೆ.

"ಏನ್ ಸಾರ್, ನುಣ್ಣಗೆ ಬೀಸ್ಬೇಕಾ, ತರಿತರಿ ಇರ್ಲಾ?" ಎಂದು ಗಿರಣಿಯವರು ಮೊದಲ ಸಲವೇ ಕೇಳಿದ್ದರು.

"ತೂಕ ನೋಡಿ ಕೊಡಿ ಸಾಕು."

ಚೀಲಕ್ಕೆ ಹೊಲಿದಿದ್ದ ಚೀಟಿಯಲ್ಲಿ ಒಂದು ಕಿಲೋ ಐನೂರು ಗ್ರಾಂ ಎಂದಿತ್ತು. ತಕ್ಕಡಿ ಒಂದು ಕಿಲೋ ಎಂಟುನೂರ ಇಪ್ಪತ್ತು ತೋರಿಸಿತು. ಹಿಂದೆ ನಿಂತಿದ್ದ ಹೆಂಗಸೊಬ್ಬರು, "ನೋಡಿ, ನಮ್ ರಾಗೀಗೂ ಹಿಂಗೇ ಜಾಸ್ತಿ ತೋರ್ಸುತ್ತೆ ಇವ್ರ ತಕ್ಕಡಿ" ಎಂದರು. "ತಕ್ಕಡಿ ಸರಿಯಾಗೇ ಇದೆ ಅಮ್ಮಾ, ಸಾರ್ ಟೆಂಟೇ ಸುಳ್ಳು ಹೇಳ್ತಿದೆ" ಎಂದು ಗಿರಣಿಯವರು ಅದನ್ನು ಕೆಳಗಿಳಿಸಿ, ಮೇಲೆ ಕೂತ ಹಿಟ್ಟನ್ನು ಕೈಯಿಂದ ಕೊಡವಿ ಕೊಟ್ಟರು.

ನನಗೆ ಐವತ್ತೈದು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟಿದ್ದೇನೆ. ಅಚ್ಚಾದ ಅಂಕಿಯನ್ನು ಅಳೆದು ನೋಡದೆ ನಂಬುವುದು ನನ್ನಿಂದ ಆಗುವುದಿಲ್ಲ. ಎಡಮಂಡಿಯನ್ನು ನೋಡಿದ ಡಾಕ್ಟರು, ಬೆಟ್ಟ ಹತ್ತಬೇಕೆಂದರೆ ಬೆನ್ನಿನ ಮೇಲೆ ಎಂಟು ಕಿಲೋ ಮೀರಕೂಡದು ಎಂದಿದ್ದರು. ಆ ಎಂಟರಲ್ಲಿ ನೀರು, ಊಟ, ಹೊದಿಕೆ, ಬಟ್ಟೆ ಎಲ್ಲ ಬರಬೇಕು. ಆದ್ದರಿಂದ ಮುನ್ನೂರು ಗ್ರಾಮಿನ ಸುಳ್ಳು ನನ್ನ ಮಟ್ಟಿಗೆ ಸಣ್ಣದಲ್ಲ.

ಬೆಟ್ಟದ ಮಾತು ತೆಗೆದದ್ದು ನಾನಲ್ಲ, ನನ್ನ ಸ್ನೇಹಿತ. ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಪಕ್ಕದ ಅಡ್ಡರಸ್ತೆಯಲ್ಲಿದ್ದಾನೆ. ಬ್ಯಾಂಕಿನ ಕೆಲಸದಿಂದ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು, ಒಂದು ಭಾನುವಾರ ಕಾಫಿಗೆಂದು ಬಂದವನು ಲೋಟ ಕೆಳಗಿಟ್ಟು ಹೇಳಿದ:

"ಮತ್ತೆ ಒಂದ್ಸಲ ಹೋಗೋಣ ಕಣೋ. ನಾವಿಬ್ರೇ. ಜನವರಿಯಲ್ಲಿ. ಟೆಂಟು ನೀನೇ ಆರಿಸು, ನಿಂಗೆ ಅಳೆಯೋ ಚಟ ಇದೆ. ಕೋಲು ಮಾತ್ರ ನನ್ ಕೈಗೆ ಕೊಡ್ಬೇಡ ಗುರು."

ಇಬ್ಬರೂ ನಕ್ಕೆವು. ಮೂವತ್ತಮೂರು ವರ್ಷದಿಂದ ನಾವು ನಗುತ್ತ ಬಂದಿದ್ದ ಮಾತು ಅದು.

ಆ ಕಥೆಯನ್ನು ನಾನು ಹೇಳುತ್ತಿದ್ದುದು ಹೀಗೆ. ನಾವು ಡಿಗ್ರಿ ಕೊನೆಯ ವರ್ಷದಲ್ಲಿದ್ದೆವು. ಪರೀಕ್ಷೆಗೆ ಮೂರು ವಾರವಿರುವಾಗ, ಇದೇ ಕಡೆಯದೆಂದು, ಸಕಲೇಶಪುರದಾಚೆಯ ಒಂದು ಬೆಟ್ಟಕ್ಕೆ ಹೊರಟೆವು. ಟೆಂಟು ಕಾಟನ್‌ಪೇಟೆಯಲ್ಲಿ ತಾರ್ಪಾಲು ಹೊಲಿಯುವವರೊಬ್ಬರ ಹತ್ತಿರ ಹೊಲಿಸಿದ್ದು. ದಪ್ಪ ಕ್ಯಾನ್ವಾಸು, ಒದ್ದೆಯಾದರೆ ಎತ್ತಲಾಗದ ಭಾರ. ಒಬ್ಬನೇ ಹೊರುವ ಮಾತೇ ಇರಲಿಲ್ಲ. ಹಾಗಾಗಿ ಪಾಲು ಮಾಡಿದ್ದೆವು: ಬಟ್ಟೆ ನನ್ನದು, ಕೋಲು, ಗೂಟ, ಹಗ್ಗ ಅವನದು. ಕೋಲು ಮೂರು ತುಂಡು, ತಗಡಿನ ಕೊಳವೆ ಹಾಕಿ ಒಂದಕ್ಕೊಂದು ಸೇರಿಸುವುದು. ಬಸ್ಸಿಳಿದು ನಾಲ್ಕು ಗಂಟೆ ಹತ್ತಿ, ಬೋಳು ಹುಲ್ಲಿನ ನೆತ್ತಿ ತಲುಪಿ, ಬಟ್ಟೆ ಹಾಸಿ, "ಕೋಲು ತೆಗಿಯೋ" ಎಂದೆ. ಕೋಲು ಇರಲಿಲ್ಲ. ಇವನು ಬಸ್ಸಿನ ಕೊನೆಯ ಸೀಟಿನ ಕೆಳಗೆ ಬಿಟ್ಟು ಬಂದಿದ್ದ. ಬೇಸಗೆಯ ಮೊದಲ ಮಳೆ ಸಂಜೆ ಐದಕ್ಕೇ ಗುಡುಗಿಕೊಂಡು ಬಂತು. ಇಬ್ಬರೂ ಕ್ಯಾನ್ವಾಸನ್ನು ಕಂಬಳಿಯಂತೆ ಸುತ್ತಿಕೊಂಡು ಬೆಳಗಿನವರೆಗೂ ಕುಕ್ಕರಗಾಲಲ್ಲಿ ಕೂತಿದ್ದೆವು.

ಕೇಳುವವರು ಇಲ್ಲಿ ನಗುತ್ತಿದ್ದರು. ಮದುವೆಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಅವನ ಮಕ್ಕಳ ಮುಂದೆ, ನನ್ನ ಮಗಳ ಮುಂದೆ ಹೇಳಿದ್ದೇನೆ. ಯಾವುದೋ ಒಂದು ಸಲ ಅದಕ್ಕೆ ಒಬ್ಬ ಹುಡುಗಿಯನ್ನು ಸೇರಿಸಿದೆ. ಇವನು ಬಸ್ಸಿನಲ್ಲಿ ಕಿಟಕಿಯ ಪಕ್ಕದ ಹುಡುಗಿಯನ್ನು ನೋಡುತ್ತ ನೋಡುತ್ತ ಕೋಲು ಮರೆತ ಎಂದು. ನಗು ಹೆಚ್ಚಾಯಿತು, ಹುಡುಗಿ ಕಥೆಯಲ್ಲೇ ಉಳಿದಳು. ಕೆಲವು ವರ್ಷಗಳ ಮೇಲೆ ಅವನೇ ತನ್ನ ಹೆಂಡತಿಗೆ, "ಹಸಿರು ದಾವಣಿ ಹಾಕಿದ್ಲು ಕಣೇ" ಎಂದು ಹೇಳುವುದನ್ನು ಕೇಳಿದೆ. ನಾನು ಅದನ್ನು ತಿದ್ದಲಿಲ್ಲ.

ನಾನು ಹೇಳದೆ ಬಿಡುತ್ತಿದ್ದ ಭಾಗವೂ ಇತ್ತು. ವಾಪಸು ಬಂದ ಮೂರನೆಯ ದಿನ ಅವನಿಗೆ ಜ್ವರ ಏರಿತು. ನ್ಯುಮೋನಿಯಾ ಎಂದರು. ಪರೀಕ್ಷೆಗೆ ಕೂರಲಿಲ್ಲ. ಅವನು ನನಗಿಂತ ಚೆನ್ನಾಗಿ ಓದುತ್ತಿದ್ದವನು. ಎಷ್ಟೋ ಲೆಕ್ಕಗಳನ್ನು ನನಗೆ ಹೇಳಿಕೊಟ್ಟದ್ದೇ ಅವನು. ಮುಂದಿನ ವರ್ಷ ಹೇಗೋ ಡಿಗ್ರಿ ಮುಗಿಸಿದ, ಆದರೆ ಅವರಪ್ಪ ಎಂಎಸ್ಸಿಗೆ ಕಳಿಸಲಿಲ್ಲ. ಬ್ಯಾಂಕಿನ ಪರೀಕ್ಷೆ ಬರೆಸಿದರು. ನಾನು ಎಂಎಸ್ಸಿಗೆ ಹೋದೆ.

ನವೆಂಬರಿನಲ್ಲಿ ಮಲ್ಲೇಶ್ವರದ ಒಂದು ಮಹಡಿ ಅಂಗಡಿಗೆ ಮೂರನೆಯ ಸಲ ಹೋದೆ. ಬೆಟ್ಟ ಹತ್ತುವ ಸಾಮಾನನ್ನೇ ಮಾರುವ ಅಂಗಡಿ. ಅದರ ಒಡತಿ ನಲವತ್ತು ದಾಟಿದವರು, ಸ್ವತಃ ಬೆಟ್ಟ ಸುತ್ತುವವರು, ನನ್ನ ತಕರಾರುಗಳನ್ನು ಸಹಿಸಿಕೊಂಡವರು.

"ಚೀಟೀಲಿರೋದು ಬಟ್ಟೆ, ಕೋಲು ಎರಡರ ತೂಕ ಅಷ್ಟೇ ಸಾರ್. ಗೂಟ, ಹಗ್ಗ, ಚೀಲ ಲೆಕ್ಕಕ್ಕಿಲ್ಲ" ಎಂದರು.

"ಗೂಟ ಇಲ್ದೆ ಟೆಂಟು ನಿಲ್ಲುತ್ತಾ?"

"ಕಲ್ಲಿಗೆ ಕಟ್ಟಿ ನಿಲ್ಲಿಸೋರಿದಾರೆ."

"ಹಂಗಾದ್ರೆ ಚೀಟೀಲಿ ಕಲ್ಲಿನ ತೂಕಾನೂ ಹಾಕ್ಲಿ."

ಅವರು ನಕ್ಕು ಇಬ್ಬರು ಮಲಗುವ ಟೆಂಟುಗಳನ್ನು ನೆಲದ ಮೇಲೆ ಹರಡಿದರು. ಒಂದಕ್ಕೆ ಎರಡು ಪದರ ಬಟ್ಟೆ, ಗಟ್ಟಿ, ಆದರೆ ಭಾರ. ಇನ್ನೊಂದಕ್ಕೆ ಒಂದೇ ಪದರ, ಹಗುರ. ಆದರೆ ಬೆಳಗಾಗುವಷ್ಟರಲ್ಲಿ ನಮ್ಮ ಉಸಿರೇ ಒಳಗೋಡೆಯಲ್ಲಿ ನೀರಾಗಿ ಮೈಮೇಲೆ ತೊಟ್ಟಿಕ್ಕುತ್ತದೆ. ಮೂರನೆಯದು ಒಂದು ಕಿಲೋದೊಳಗೆ. ನನಗೆ ನಂಬಿಕೆ ಬರಲಿಲ್ಲ.

"ಇದಕ್ಕೆ ಕೋಲೇ ಇಲ್ಲ ಸಾರ್. ನಡೀವಾಗ ಊರ್ತೀವಲ್ಲ ಸ್ಟಿಕ್ಕು, ರಾತ್ರಿ ಅದನ್ನೇ ಒಳಗೆ ನಿಲ್ಸೋದು. ನೀವು ಸ್ಟಿಕ್ ಇಟ್ಕೊಂಡಿದೀರಾ?"

"ಇಲ್ಲ."

"ಮನೇಲಿ ನಾಲ್ಕಡಿ ಕೋಲು ಯಾವುದಾದ್ರೂ ಇದ್ರೆ ಅದ್ರಲ್ಲೇ ನಿಲ್ಸಿ ನೋಡಿ. ಎರಡು ದಿನ ಇಟ್ಕೊಳಿ. ತೂಕಾನೂ ನೋಡ್ಕೊಳಿ, ನೀವು ಬಿಡೋರಲ್ಲ."

ನಮ್ಮ ಮನೆಯಲ್ಲಿ ನಾಲ್ಕಡಿಯ ಕೋಲು ಇತ್ತು. ಹಳೆಯ ಮನೆಗಳಲ್ಲಿ ಇರುವಂತೆ ನಮ್ಮ ನಡುಮನೆಯ ಸೂರಿನಿಂದ ಒಂದು ಬಿದಿರ ಗಳ ತೂಗಿದೆ. ಅಮ್ಮ ಮಡಿಬಟ್ಟೆಗಳನ್ನು ಅದರ ಮೇಲೆ ಒಣಹಾಕುತ್ತಿದ್ದಳು. ಕೈಗೆಟುಕದ ಎತ್ತರ, ಯಾರ ಮೈಯೂ ತಗಲಬಾರದು ಎಂದೇ ಅಷ್ಟು ಎತ್ತರ. ಸ್ನಾನ ಮಾಡಿ, ಒದ್ದೆ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಮೇಲಕ್ಕೆ ಎತ್ತಿ, ಗಳದ ಉದ್ದಕ್ಕೂ ಹರವುತ್ತಿದ್ದಳು. ಅದು ಮಡಿಕೋಲು. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು, ಮನೆಯಲ್ಲಿ ಮಡಿಯೂ ಹೋಯಿತು, ಕೋಲು ಉಳಿದಿದೆ. ಮಳೆಗಾಲದಲ್ಲಿ ನನ್ನ ಹೆಂಡತಿ ಅದರಿಂದಲೇ ಬಟ್ಟೆ ಎತ್ತಿ ಹಾಕುತ್ತಾಳೆ. ಗವಾಕ್ಷಿ ಮುಚ್ಚುವುದಕ್ಕೂ ಅದೇ.

ಅದನ್ನು ತೆಗೆದುಕೊಂಡು ತಾರಸಿಗೆ ಹೋದೆ. ಟೆಂಟಿನ ಮೂಲೆಗಳಿಗೆ ಇಟ್ಟಿಗೆ ಇಟ್ಟು, ನಡುವೆ ಕೋಲು ನಿಲ್ಲಿಸಿ ಹಗ್ಗ ಎಳೆದೆ. ಬೂದುಬಣ್ಣದ ಬಟ್ಟೆ ಒಂದೇ ಸಲಕ್ಕೆ ಬಿಗಿಯಾಗಿ ಎದ್ದು ನಿಂತಿತು. ನನಗೆ ನಿಜವಾಗಿ ಸಂತೋಷವಾಯಿತು. ಒಳಗೆ ನುಸುಳಿ ಅಂಗಾತ ಮಲಗಿ, ಇಬ್ಬರು ಹಿಡಿಸುತ್ತೇವೆಯೇ ಎಂದು ಪಕ್ಕದಲ್ಲಿ ಗೇಣು ಹಾಕುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಬಕೆಟ್ಟಿನಲ್ಲಿ ಒಗೆದ ಬಟ್ಟೆ ಹಿಡಿದು ಬಂದಳು.

"ರೀ, ಕೋಲು ಎಲ್ಲಿಟ್ರಿ?" ಎಂದವಳು ಬಗ್ಗಿ ಒಳಗೆ ನೋಡಿದಳು. "ಓ, ಇಲ್ಲಿದ್ಯಾ. ಅಂತೂ ಅದು ತನ್ನ ಕೆಲಸಕ್ಕೆ ವಾಪಸ್ ಬಂತು ಬಿಡಿ."

"ಹಂಗಂದ್ರೆ?"

"ಅದು ಟೆಂಟಿನ ಕೋಲೇ ಅಲ್ವಾ? ಅತ್ತೆ ಹೇಳ್ತಿದ್ರು."

ನಾನು ಮಲಗಿದ್ದಲ್ಲಿಂದಲೇ ಕೋಲನ್ನು ನೋಡಿದೆ. ವರ್ಷಗಳ ಕೈಜಿಡ್ಡು, ಸೋಪಿನ ಕೊಳೆ ಸೇರಿ ಕಪ್ಪಾಗಿತ್ತು. ಮೇಲ್ತುದಿಯಲ್ಲಿ ತುಕ್ಕು ಹಿಡಿದ ತಗಡಿನ ಪಟ್ಟಿ. ಸೀರೆ ಜಾರದಿರಲೆಂದು ಹಾಕಿದ್ದು ಎಂದೇ ನಾನು ತಿಳಿದಿದ್ದೆ. ಅಥವಾ ಏನೂ ತಿಳಿದಿರಲಿಲ್ಲ, ನೋಡಿರಲೇ ಇಲ್ಲ. ಹೊರಗೆ ಬಂದು, ಬಕೆಟ್ಟಿನಿಂದ ಒಂದು ಒದ್ದೆ ಟವೆಲು ತೆಗೆದು ತಗಡಿನ ಕೆಳಗೆ ಉಜ್ಜಿದೆ. ಕೆಂಪು ಬಣ್ಣದ ಒಂದು ಗೀಟು ಬಂತು. ಇನ್ನೂ ಉಜ್ಜಿದೆ. ಇನ್ನೊಂದು ಗೀಟು.

ಆ ಗೀಟು ಎಳೆದವನು ನಾನು. ಯಾವ ತುಂಡಿಗೆ ಯಾವುದು ಸೇರಬೇಕೆಂದು ಗೊತ್ತಾಗಲು, ಕೆಳಗಿನದಕ್ಕೆ ಒಂದು, ನಡುವಿನದಕ್ಕೆ ಎರಡು, ಮೇಲಿನದಕ್ಕೆ ಮೂರು ಗೀಟು, ಕೆಂಪು ಎನಾಮೆಲ್ ಬಣ್ಣದಲ್ಲಿ. ಹೊರಡುವ ಹಿಂದಿನ ದಿನ ಎಳೆದು, ಒಣಗಲೆಂದು ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ ಒರಗಿಸಿದ್ದೆ. ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ನಾನೇ ತಂದು ಅವನಿಗೆ ಕೊಡಬೇಕಿತ್ತು. ಇಷ್ಟೂ ಒಮ್ಮೆಲೇ ನೆನಪಾಯಿತು. ಮೂವತ್ತಮೂರು ವರ್ಷ ಕಥೆ ಹೇಳುವಾಗ ಇದು ಒಂದು ಸಲವೂ ಬಂದಿರಲಿಲ್ಲ.

"ಅಮ್ಮ ಏನಂದ್ರು? ಪೂರ್ತಿ ಹೇಳು" ಎಂದೆ.

"ಏನಿಲ್ಲಪ್ಪ. ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ, ಗಳದ ಮೇಲೆ ಬಟ್ಟೆ ಹರವೋದು ಹೇಳ್ಕೊಡೋವಾಗ ಅಂದ್ರು. ನೀವು ಯಾವ್ದೋ ಬೆಟ್ಟಕ್ಕೆ ಹೊರಟ ದಿನ ಅವ್ರ ಹಳೇ ಕೋಲು ಮುರ್ಕೊಂಡಿತ್ತಂತೆ. ಬಚ್ಚಲಲ್ಲಿ ಮೂರು ಕೋಲಿದ್ವಲ್ಲ, ಒಂದನ್ನ ತೊಳ್ಕೊಂಡು ಸೀರೆ ಎತ್ತಿ ಹಾಕ್ತಿದ್ರಂತೆ. ನೀವು ನಾಲ್ಕೂವರೆಗೆ ಎದ್ದು ಬಂದು, ಅಮ್ಮಾ ಕೋಲು ಕೊಡು ಅಂದ್ರಂತೆ. ಮುಟ್ಬೇಡ, ಮಡೀಲಿದೀನಿ, ಇದೊಂದು ಹರವಿ ಕೊಡ್ತೀನಿ ತಾಳು ಅಂದ್ರಂತೆ. ನಿಮಗೆ ಬಸ್ಸಿನ ಅವಸರ, ಹಂಗೇ ಹೊರಟೋದ್ರಂತೆ."

"ಇನ್ನೆರಡು ಕೋಲು?"

"ಅವು ಹಿತ್ತಲ ತೊಂಡೆಬಳ್ಳಿ ಚಪ್ಪರಕ್ಕೆ ಹೋದ್ವಂತೆ."

"ಮತ್ತೆ?"

ಅವಳು ಟವೆಲನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ವಾಪಸ್ ಬಂದಾಗ ಕೇಳಿದ್ರಂತೆ, ಕೋಲಿಲ್ದೆ ಏನ್ ಮಾಡ್ದ್ಯೋ ಅಂತ. ನೀವು ಮಾತೇ ಆಡ್ಲಿಲ್ವಂತೆ. ಕೋಪ ಬಂದಿತ್ತು ಅವನಿಗೆ ಅಂತ ನಗ್ತಿದ್ರು."

"ನಾನು ಬಸ್ಸಿನ ಕಥೆ ಹೇಳೋವಾಗೆಲ್ಲ ನೀನು ಪಕ್ಕದಲ್ಲೇ ಇರ್ತಿದ್ದೆ. ಒಂದು ಸಲಾನೂ ಹೇಳ್ಲಿಲ್ವಲ್ಲ."

"ಅದು ಬೇರೆ ಸಲದ್ದು ಅಂದ್ಕೊಂಡಿದ್ದೆ. ನೀವಿಬ್ರೂ ಎಷ್ಟು ಬೆಟ್ಟ ಹತ್ತಿದ್ರೋ, ಎಷ್ಟು ಕೋಲು ಕಳ್ದಿದ್ರೋ, ನಂಗೇನ್ ಗೊತ್ತು?" ನನ್ನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕ್ರೀ? ಅದೇ ಸಲಾನಾ?"

ಮುಂದಿನ ನಾಲ್ಕು ದಿನ ನಾನು ಟೆಂಟಿನ ಗೊಡವೆಗೆ ಹೋಗಲಿಲ್ಲ. ಅಂಗಡಿಯವರಿಗೆ ಫೋನು ಮಾಡಿ ಇನ್ನಷ್ಟು ದಿನ ಕೇಳಿಕೊಂಡೆ.

ಮೊದಲು ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ. ಅಮ್ಮನ ಮಾತನ್ನು ಹೆಂಡತಿ ಹೇಳುತ್ತಿದ್ದಾಳೆ. ನಡುವೆ ಇಪ್ಪತ್ತಾರು ವರ್ಷ. ಎರಡು ಬಾಯಿ ದಾಟಿ ಬಂದ ಮಾತು. ಆ ಕೋಲು ಕಳೆದ ಮೇಲೆ ಹೊಸದು ಮಾಡಿಸಿ, ಅದಕ್ಕೂ ಗೀಟು ಎಳೆದಿರಬಹುದು. ಆದರೆ ಆ ಮಳೆಯ ನಂತರ ನಾವಿಬ್ಬರೂ ಟೆಂಟು ಮುಟ್ಟಿದ್ದೇ ಇಲ್ಲ. ಕ್ಯಾನ್ವಾಸು ಬೂಸಲು ಹಿಡಿಯಿತೆಂದು ಅಪ್ಪ ಯಾರಿಗೋ ಕೊಟ್ಟುಬಿಟ್ಟರು. ಹೊಸ ಕೋಲಿಗೆ ಕಾರಣವೇ ಇರಲಿಲ್ಲ.

ಸರಿ, ಕೋಲು ಮನೆಯಲ್ಲಿತ್ತು. ನಾನು ಬಿಟ್ಟು ಹೋದೆ. ಇಷ್ಟು ಒಪ್ಪಬಹುದು, ಮರೆವು ಯಾರಿಗಿಲ್ಲ. ಒಪ್ಪಲಾಗದ್ದು ಅದರ ಮುಂದಿನದು. ಕೋಲಿಲ್ಲವೆಂದು ಗೊತ್ತಿದ್ದೇ ಹೊರಟೆನೇ? ಬೆಟ್ಟದಲ್ಲಿ ಯಾವುದಾದರೂ ಕೊಂಬೆ ಕಡಿದರಾಯಿತು ಎಂದುಕೊಂಡೆನೇ? ನೆತ್ತಿಯ ಮೇಲೆ ಹುಲ್ಲು ಬಿಟ್ಟು ಒಂದು ಗಿಡವೂ ಇರಲಿಲ್ಲ. ಅವನು ತನ್ನ ಚೀಲ ತಡಕಿ, "ಬಸ್ಸಲ್ಲೇ ಬಿಟ್ನಾ?" ಎಂದು ಗಾಬರಿಯಾದಾಗ ನಾನು ಸುಮ್ಮನಿದ್ದೆನೇ? ಅಥವಾ ಬಸ್ಸಿನ ಮಾತು ಮೊದಲು ಬಂದದ್ದು ನನ್ನ ಬಾಯಿಂದಲೇ?

ಎರಡನೆಯ ದಿನ ಒಂದು ಚಿತ್ರ ಕಣ್ಣಿಗೆ ಬರತೊಡಗಿತು. ಮಳೆಯಲ್ಲಿ ನೆನೆದ ಬಟ್ಟೆಯಲ್ಲೇ ನಾನು ಮನೆಯೊಳಗೆ ಬರುತ್ತೇನೆ. ಗಳದ ಮೇಲೆ ಅಮ್ಮನ ಸೀರೆ ಇದೆ. ಗೋಡೆಗೆ ಕೋಲು ಒರಗಿದೆ, ಗೀಟುಗಳು ಇನ್ನೂ ಹೊಸ ಕೆಂಪು. ನಾನು ಅದನ್ನು ನೋಡಿ ಮುಖ ತಿರುಗಿಸುತ್ತೇನೆ. ಎಷ್ಟು ಸ್ಪಷ್ಟವೆಂದರೆ ಸೀರೆಯ ಅಂಚಿನ ಬಣ್ಣವೂ ಕಾಣುತ್ತದೆ. ಆದರೆ ಈ ಚಿತ್ರ ಹೆಂಡತಿ ಹೇಳುವ ಮುಂಚೆ ನನ್ನ ಹತ್ತಿರ ಇತ್ತೇ? ಅವಳು ಹೇಳಿದ ಮೇಲೆ ನಾನೇ ಕಟ್ಟಿಕೊಂಡೆನೇ, ಅವನು ಹಸಿರು ದಾವಣಿ ಕಟ್ಟಿಕೊಂಡ ಹಾಗೆ?

ಪ್ರಯೋಗಶಾಲೆಯ ಮೊದಲ ತರಗತಿಯಲ್ಲಿ ನಾನು ಪ್ರತಿ ವರ್ಷ ಒಂದು ಮಾತು ಹೇಳುತ್ತಿದ್ದೆ. ಅಳತೆಯಲ್ಲಿ ಎರಡು ಬಗೆಯ ತಪ್ಪು. ಒಂದು, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸುವುದು. ಹತ್ತು ಸಲ ಅಳೆದರೆ ಸರಿಹೋಗುತ್ತದೆ. ಇನ್ನೊಂದು, ಸದಾ ಒಂದೇ ಕಡೆಗೆ ವಾಲುವುದು. ಸಾವಿರ ಸಲ ಅಳೆದರೂ ಅದು ಸಿಕ್ಕಿಬೀಳುವುದಿಲ್ಲ. ಕಥೆಯನ್ನು ನಾನು ನೂರಾರು ಸಲ ಹೇಳಿದ್ದೆ. ಪ್ರತಿ ಸಲ ಅದು ವಾಲಿದ್ದು ನನ್ನ ಕಡೆಗೇ.

ಅವನಿಗೆ ಹೇಳಬೇಕೇ? ಹೆಂಡತಿ, "ಈ ವಯಸ್ಸಲ್ಲಿ ಅದನ್ನ ಕೆದಕಿ ಏನಾಗ್ಬೇಕು? ಇಬ್ರೂ ಚೆನ್ನಾಗಿದೀರ" ಎಂದಳು. ಚೆನ್ನಾಗಿದ್ದೆವು. ಇನ್ನೊಂದು ತಿಂಗಳಿಗೆ ಒಂದೇ ಬಟ್ಟೆಯಡಿ, ಮೊಳದಂತರದಲ್ಲಿ ಮಲಗಲಿದ್ದೆವು. ಅಲ್ಲಿ ಅವನು ಮತ್ತೆ ಕೋಲಿನ ಜೋಕು ಮಾಡುತ್ತಾನೆ, ನಾನು ಮತ್ತೆ ನಗಬೇಕಾಗುತ್ತದೆ. ಅದು ನನ್ನಿಂದಾಗದು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಕೋಲು ಹಿಡಿದು ಬಸವನಗುಡಿಗೆ ನಡೆದೇ ಹೋದೆ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುತ್ತಿದ್ದಾಕೆ, "ಏನ್ ಸಾರ್, ನಾಯಿ ಕಾಟನಾ ನಿಮ್ಮ ಕಡೆ?" ಎಂದಳು. "ಹೂಂ" ಎಂದೆ.

ಅವನು ಜಗುಲಿಯ ಮೇಲೆ ಕೂತು, ಬೇಸಿನ್ನಿನಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದ. ಹೆಬ್ಬೆರಳಲ್ಲಿ ಒತ್ತಿದರೆ ಕಾಳು ಸಿಪ್ಪೆಯಿಂದ ಪುಳಕ್ಕೆಂದು ಪಾತ್ರೆಗೆ ಹಾರುತ್ತಿತ್ತು.

"ಬಾರೋ. ಇದೇನು, ಈಗ್ಲೇ ಕೋಲು ಊರ್ಕೊಂಡು ಬಂದೆ? ಬೆಟ್ಟ ಜನವರೀಲಿ ಮಾರಾಯ."

ನಾನು ಮೆಟ್ಟಿಲ ಮೇಲೆ ಕೂತು ಹೇಳಿದೆ. ಗೀಟು, ಬಚ್ಚಲುಮನೆ, ಅಮ್ಮನ ಸೀರೆ, ಎಲ್ಲ. ಅವನ ಬೆರಳು ನಿಲ್ಲಲಿಲ್ಲ.

"ಇಲ್ಲ ಕಣೋ" ಎಂದ. "ಬಸ್ಸಲ್ಲೇ ಬಿಟ್ಟಿದ್ದು. ಕೊನೇ ಸೀಟಿನ ಕೆಳಗೆ. ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ ನಂಗೆ."

"ಕೋಲು ಇಲ್ಲಿದೆ ನೋಡು."

"ಇದು ಬೇರೆ ಇರ್ಬೇಕು."

"ಗೀಟು ನೋಡೋ."

ಅವನು ನೋಡಿದ. ಮುಟ್ಟಲಿಲ್ಲ. ಇನ್ನೊಂದು ಹಿಡಿ ಕಾಳು ತೆಗೆದುಕೊಂಡ.

"ಮತ್ತೆ ಆ ಹುಡುಗಿ?"

"ಯಾವ ಹುಡುಗಿ?"

"ಅದೇ ಕಣೋ, ಹಸಿರು ದಾವಣಿ. ಕಿಟಕಿ ಪಕ್ಕ ಕೂತಿದ್ಲಲ್ಲ. ಅವಳನ್ನ ನೋಡ್ತಾ ತಾನೆ ನಾನು..."

"ಹುಡುಗೀನ ನಾನು ಸೇರ್ಸಿದ್ದು. ಯಾವುದೋ ಮದುವೇಲಿ, ಜನ ನಗ್ಲಿ ಅಂತ."

"ದಾವಣಿ?"

"ದಾವಣಿ ನೀನು ಸೇರ್ಸಿದ್ದು."

ಅವನ ಕೈ ಬೇಸಿನ್ನಿನ ನೀರಿನಲ್ಲೇ ನಿಂತಿತು. ಅವನು ಎದ್ದು, ಟವೆಲಿನಿಂದ ಕೈಯೊರೆಸಿಕೊಂಡು ಕೋಲು ತೆಗೆದುಕೊಂಡ. ತಗಡಿನ ತುದಿಯಲ್ಲಿ ಬೆರಳಾಡಿಸಿದ.

"ನಾನು ಜ್ವರದಲ್ಲಿ ಮಲಗಿದ್ದಾಗ ನೀನು ದಿನಾ ಬರ್ತಿದ್ದೆ. ಕಿತ್ತಳೆಹಣ್ಣು ತರ್ತಿದ್ದೆ."

"ಹೂಂ."

"ನಮ್ಮಪ್ಪ ನಿನ್ನೆದುರಿಗೇ ಅಂದ್ರು. ಜೊತೇಲಿ ತಗೊಂಡೋಗಿದ್ದ ಕೋಲನ್ನೇ ಮರೆಯೋನು ಎಂಎಸ್ಸಿ ಓದಿ ಏನ್ ಮಾಡ್ತಾನೆ ಅಂತ. ನೀನು ಮಂಚದ ಹತ್ರ ಸ್ಟೂಲಿನ ಮೇಲೆ ಕೂತಿದ್ದೆ. ನೆನಪಿದ್ಯಾ?"

ನನಗೆ ನೆನಪಿರಲಿಲ್ಲ. ಕಿತ್ತಳೆ ನೆನಪಿತ್ತು, ಸ್ಟೂಲು ನೆನಪಿತ್ತು. ಅವರಪ್ಪನ ಮಾತು ನೆನಪಿರಲಿಲ್ಲ.

"ಆಗ ಕೋಲು ನಿಮ್ಮನೇಲಿತ್ತು" ಎಂದ.

"ಇತ್ತು."

"ನಿಂಗೆ ಗೊತ್ತಿತ್ತಾ?"

ಇದೊಂದೇ ಪ್ರಶ್ನೆಗೆ ನಾಲ್ಕು ದಿನದಿಂದ ಉತ್ತರ ಹುಡುಕುತ್ತಿದ್ದೆ. "ಗೊತ್ತಿತ್ತೋ ಇಲ್ವೋ, ಅದೇ ನಂಗೆ ಗೊತ್ತಾಗ್ತಿಲ್ಲ ಕಣೋ" ಎಂದೆ.

"ಎಂಎಸ್ಸಿ ಮಾಡಿದೋರು ಹಿಂಗೇ ಮಾತಾಡೋದಾ?" ಎಂದ. ಅವನು ಅಂಥ ದನಿಯಲ್ಲಿ ನನ್ನೊಡನೆ ಯಾವತ್ತೂ ಮಾತಾಡಿದ್ದಿಲ್ಲ. ನಾನು ನೆನಪಿಸಿಕೊಂಡ ಮಟ್ಟಿಗೆ.

ಒಳಗಿನಿಂದ ಅವನ ಹೆಂಡತಿ, "ಕಾಳು ಆಯ್ತಾ ರೀ?" ಎಂದು ಕೂಗಿದರು. "ಇನ್ನೂ ಇದೆ" ಎಂದು ಹೇಳಿ ಮತ್ತೆ ಕೂತ. ಕೋಲನ್ನು ತನ್ನ ಪಕ್ಕದ ಗೋಡೆಗೆ ಒರಗಿಸಿಕೊಂಡಿದ್ದ. ನಾನು ಏನು ಮಾಡಬೇಕೆಂದು ತೋಚದೆ ಬೇಸಿನ್ನಿಗೆ ಕೈಹಾಕಿ ಕಾಳು ಹಿತುಕತೊಡಗಿದೆ. ಅವನು ಬೇಡವೆನ್ನಲಿಲ್ಲ. ಬೇಸಿನ್ನು ಬರಿದಾಯಿತು.

ನಾನು ಏಳುವಾಗ ಕೋಲಿಗೆ ಕೈ ಚಾಚಿದೆ.

"ಅದು ಇಲ್ಲೇ ಇರ್ಲಿ" ಎಂದ.

"ಸರಿ. ಬೆಟ್ಟಕ್ಕೆ..."

"ಬರ್ತೀನಿ. ಬರಲ್ಲ ಅಂತ ಯಾರಂದ್ರು? ಟೆಂಟು ಎರಡು ತಗೋ. ಒಬ್ಬೊಬ್ರಿಗೆ ಒಂದೊಂದು."

"ಎರಡಾದ್ರೆ ತೂಕ ಜಾಸ್ತಿ ಆಗುತ್ತೆ ಕಣೋ. ಒಂದನ್ನೇ ಪಾಲು ಮಾಡ್ಕೊಂಡ್ರೆ..."

"ಆಗ್ಲಿ. ನನ್ ಬಟ್ಟೆ, ನನ್ ಕೋಲು, ನನ್ ಗೂಟ, ಎಲ್ಲ ನಾನೇ ಹೊರ್ತೀನಿ. ಏನಾದ್ರೂ ಮರೆತ್ರೆ ಮರೆತಿದ್ದು ನಾನೇ ಅಂತ ನಂಗೆ ಗೊತ್ತಿರುತ್ತೆ."

ಮಲ್ಲೇಶ್ವರದ ಅಂಗಡಿಯಲ್ಲಿ ಕೋಲಿಲ್ಲದ ಟೆಂಟನ್ನು ಹಿಂತಿರುಗಿಸಿ, ಒಬ್ಬರೇ ಮಲಗುವ ಎರಡು ಟೆಂಟು ಕೇಳಿದೆ, ಕೋಲಿರುವಂಥದ್ದು. ಒಡತಿ ನನ್ನನ್ನು ವಿಚಿತ್ರವಾಗಿ ನೋಡಿದರು. ಒಬ್ಬೊಬ್ಬರಿಗೆ ಆರುನೂರು ಗ್ರಾಂ ಹೆಚ್ಚು ಬೀಳುತ್ತದೆ, ನೀವೇ ಗ್ರಾಂ ಗ್ರಾಂ ಲೆಕ್ಕ ಹಾಕುವವರು ಎಂದರು. ಬೀಳಲಿ ಎಂದೆ.

ಎರಡನ್ನೂ ಗಿರಣಿಗೆ ಒಯ್ದೆ. ಚೀಟಿಯಲ್ಲಿ ಎರಡಕ್ಕೂ ಒಂದೇ ತೂಕ. ತಕ್ಕಡಿಯಲ್ಲಿ ಒಂದು ಇನ್ನೊಂದಕ್ಕಿಂತ ಮೂವತ್ತೈದು ಗ್ರಾಂ ಕಡಿಮೆ.

"ಎರಡ್ಯಾಕೆ ಸಾರ್? ಮನೇಲಿ ಜಗಳಾನಾ?"

"ಒಂದು ಸ್ನೇಹಿತನಿಗೆ."

"ಒಂದೇ ದೊಡ್ಡದು ತಗೊಂಡು ಇಬ್ರೂ ಹಂಚ್ಕೊಂಡು ಹೊತ್ತಿದ್ರೆ ಹಗುರ ಆಗ್ತಿತ್ತಲ್ಲ ಸಾರ್."

"ಹೌದು, ಆಗ್ತಿತ್ತು" ಎಂದೆ.

ಕಡಿಮೆ ತೂಕದ್ದನ್ನು ಅವನಿಗೆಂದು ಆರಿಸಿಕೊಂಡು ಅದೇ ಸಂಜೆ ಬಸವನಗುಡಿಗೆ ಹೋದೆ. ಅದು ಕಡಿಮೆ ತೂಕದ್ದು ಎಂದು ಅವನಿಗೆ ಹೇಳಲಿಲ್ಲ. ಎರಡು ಗೀಟಿನ ಕೋಲು ಬಾಗಿಲ ಹಿಂದೆ ಛತ್ರಿಗಳ ಜೊತೆ ನಿಂತಿತ್ತು. ಅವನು ಕಾಫಿ ಕೊಡಿಸಿದ, ಮಂಡಿ ಹೇಗಿದೆ ಎಂದು ಕೇಳಿದ. ಆಮೇಲೆ ಟೆಂಟಿನ ಚೀಲವನ್ನು ನಡುಮನೆಯಲ್ಲಿ ಬಿಚ್ಚಿ, ಬಟ್ಟೆಯನ್ನು ಒಂದು ಕಡೆ, ಕೋಲನ್ನು ಒಂದು ಕಡೆ ಇಟ್ಟ. ಗೂಟಗಳನ್ನು ಸಾಲಾಗಿ ಜೋಡಿಸಿ, ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಎಣಿಸಿದ. ಎಂಟು.

"ಎಂಟೂ ಇವೆ. ನಾನು ನೋಡಿದೀನಿ" ಎಂದೆ.

ಅವನು ತಲೆಯೆತ್ತಲಿಲ್ಲ. ಮೊದಲಿನಿಂದ ಇನ್ನೊಮ್ಮೆ ಎಣಿಸತೊಡಗಿದ.